ಗೇರುಬೀಜದಷ್ಟು ಮೂಳೆ: ಹೊಸದು ಪ್ರಿಂಟ್ ಮಾಡಿಸುವುದೋ, ಇದ್ದದ್ದನ್ನು ಉಳಿಸಿಕೊಳ್ಳುವುದೋ?

ನನ್ನ ಮೇಜಿನ ಡ್ರಾಯರಿನಲ್ಲಿ ಬಿಳಿ ಪ್ಲಾಸ್ಟಿಕ್‌ನ ಒಂದು ಸಣ್ಣ ತುಂಡಿದೆ. ಕೈಗೆ ತೆಗೆದುಕೊಂಡವರೆಲ್ಲ ಮೊದಲು ಹೇಳುವುದು ‘ಗೇರುಬೀಜದ ಹಾಗಿದೆ’ ಎಂದೇ. ಒಂದು ಕಡೆಗೆ ಬಾಗಿದೆ, ನಡು ಸಪೂರ, ತುದಿಗಳು ಉಬ್ಬಿವೆ. ನಡುವಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕು. ಅದು ಮಲ್ಪೆಯ ಬೋಟಿನಲ್ಲಿ ದುಡಿಯುವ ಒಬ್ಬರ ಬಲ ಮಣಿಗಂಟಿನೊಳಗಿನ ಮೂಳೆಯ ನಕಲು, ಸಿ.ಟಿ. ಸ್ಕ್ಯಾನಿನ ಲೆಕ್ಕ ಹಿಡಿದು ಯಂತ್ರ ಪ್ರಿಂಟ್ ಮಾಡಿಕೊಟ್ಟದ್ದು. ಶಸ್ತ್ರಚಿಕಿತ್ಸೆ ಆದ ಮೇಲೆ ವ್ಯಾಯಾಮಕ್ಕೆಂದು ನನ್ನಲ್ಲಿಗೆ ಬರುತ್ತಿದ್ದಾಗ ತಂದು ತೋರಿಸಿದರು. ‘ನಿಮ್ಮಲ್ಲೇ ಇರಲಿ, ಮನೆಯಲ್ಲಿ ಮಕ್ಕಳು ಆಡಿ ಕಳೆಯುತ್ತಾರೆ’ ಎಂದು ಬಿಟ್ಟು ಹೋದರು.

ಉಡುಪಿಯಲ್ಲಿ ಫಿಸಿಯೋಥೆರಪಿ ಮಾಡಿಕೊಂಡಿರುವವನು ನಾನು. ಕೈ ಕೊಯ್ಯುವವನಲ್ಲ, ಕೊಯ್ದ ಮೇಲೆ ಆರಾರು ತಿಂಗಳು ಆ ಕೈಯನ್ನು ಹಿಡಿದು ಕೂರುವವನು. ಈಚೆಗೆ ಮಣಿಗಂಟು ನೋವಿನವರು ಬಂದರೆ ಎಕ್ಸ್‌ರೇಗೆ ಮೊದಲು ಮೊಬೈಲ್ ತೆಗೆಯುತ್ತಾರೆ. ಅದರಲ್ಲಿ ಒಂದು ವಿಡಿಯೊ: ಟೈಟಾನಿಯಂ ಪುಡಿಯ ಮೇಲೆ ಲೇಸರ್ ಓಡುತ್ತದೆ, ಪುಡಿಯೊಳಗಿನಿಂದ ಹೊಳೆಯುವ ಮೂಳೆ ಎದ್ದುಬರುತ್ತದೆ. ‘ಪ್ಲಾಸ್ಟರ್, ಸ್ಕ್ರೂ ಎಂದು ಅಲೆಯುವ ಬದಲು ಹೀಗೆ ಹೊಸದನ್ನೇ ಹಾಕಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದಲ್ಲ?’

ಕೆಲವರಿಗೆ ಅದು ನಿಜಕ್ಕೂ ಒಳ್ಳೆಯ ದಾರಿ. ಹೆಚ್ಚಿನವರಿಗೆ ಅಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರಿಂಟರ್ ಮಣಿಗಂಟಿಗೆ ಮಾಡುವ ದೊಡ್ಡ ಉಪಕಾರ ಬಹಳ ಸಲ ಮೈಯೊಳಗೆ ಉಳಿಯದ ವಸ್ತುಗಳದ್ದು. ನನ್ನ ಡ್ರಾಯರಿನಲ್ಲಿರುವ ಪ್ಲಾಸ್ಟಿಕ್ ತುಂಡಿನ ಹಾಗೆ.

ಮೊದಲು, ಯಾವ ಮೂಳೆ?

ಮಣಿಗಂಟಿನಲ್ಲಿ ಎಂಟು ಸಣ್ಣ ಮೂಳೆಗಳು ಎರಡು ಸಾಲಾಗಿ ಕೂತಿವೆ. ಅವುಗಳಲ್ಲಿ ಅತಿ ಹೆಚ್ಚು ಮುರಿಯುವುದು ಹೆಬ್ಬೆರಳಿನ ಕಡೆಯ ಸ್ಕೇಫಾಯ್ಡ್. ಗ್ರೀಕ್ ಭಾಷೆಯಲ್ಲಿ ದೋಣಿ ಎಂಬ ಅರ್ಥದ ಮಾತಿನಿಂದ ಬಂದ ಹೆಸರು. ನಮ್ಮೂರಿನವರು ಇಟ್ಟಿದ್ದರೆ ಗೇರುಬೀಜ ಎಂದೇ ಇಡುತ್ತಿದ್ದರು. ಹಾವಸೆ ಹಿಡಿದ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿದಾಗ, ಮಳೆಗಾಲದ ಹೆದ್ದಾರಿಯ ಹೊಂಡಕ್ಕೆ ಸ್ಕೂಟರ್ ಇಳಿದಾಗ ನಾವು ಅಂಗೈ ಊರಿ ಬೀಳುತ್ತೇವೆ. ಮೈಯ ಭಾರವೆಲ್ಲ ಹೋಗಿ ಕೂರುವುದು ಈ ಮೂಳೆಯ ಮೇಲೆ.

ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಅದರ ಬುಡದಲ್ಲಿ, ಎರಡು ನರದಂಥ ಹುರಿಗಳ ನಡುವೆ ಒಂದು ಗುಳಿ ಕಾಣುತ್ತದೆ. ನಶ್ಯ ಏರಿಸುವವರು ಪುಡಿ ಇಟ್ಟುಕೊಳ್ಳುತ್ತಿದ್ದ ಜಾಗ ಅದು. ವೈದ್ಯರೂ ಅದನ್ನು ನಶ್ಯದ ಡಬ್ಬಿ ಎಂದೇ ಕರೆಯುತ್ತಾರೆ. ಬಿದ್ದ ಮೇಲೆ ಆ ಗುಳಿಯನ್ನು ಒತ್ತಿದಾಗ ಚುಚ್ಚಿದಂತೆ ನೋವಾದರೆ, ಮೊದಲ ದಿನದ ಎಕ್ಸ್‌ರೇ ಸರಿಯಿದ್ದರೂ ನಂಬಬೇಡಿ. ಸ್ಕೇಫಾಯ್ಡ್ ಬಿರುಕು ಮೊದಲ ದಿನ ಕಾಣದೇ ಹೋಗುವುದು ಸಾಮಾನ್ಯ. ಪಟ್ಟಿ ಹಾಕಿಸಿ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸಬೇಕು, ಇಲ್ಲವೇ ಎಂ.ಆರ್.ಐ. ಮಾಡಿಸಬೇಕು. ನನ್ನಲ್ಲಿಗೆ ಬರುವ ಕೆಟ್ಟ ಮಣಿಗಂಟುಗಳ ಕಥೆ ಬಹಳ ಸಲ ಇಲ್ಲಿಂದಲೇ ಶುರು: ‘ಬರೀ ಉಳುಕು ಎಂದರು, ಎಣ್ಣೆ ತಿಕ್ಕಿ ಕಟ್ಟಿಸಿಕೊಂಡೆ.’ (ಎಣ್ಣೆ ಕಟ್ಟಿಗೆ ಹೆಸರಾದ ಪುತ್ತೂರು ಆಂಧ್ರದ್ದು, ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ. ಇದನ್ನು ನಾನು ವರ್ಷಕ್ಕೆ ನಾಲ್ಕು ಸಲವಾದರೂ ಹೇಳಬೇಕಾಗುತ್ತದೆ.)

ಈ ಮೂಳೆಗೆ ಇಷ್ಟು ಹೆದರುವುದಕ್ಕೆ ಕಾರಣ ರಕ್ತ. ಸ್ಕೇಫಾಯ್ಡಿಗೆ ರಕ್ತನಾಳ ಬಂದು ಸೇರುವುದು ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ. ಅಲ್ಲಿಂದ ಅದು ಮೊಣಕೈಯ ಕಡೆಗೆ ಹಿಂದಕ್ಕೆ ಹರಿಯುತ್ತದೆ. ಅಡಿಕೆ ತೋಟಕ್ಕೆ ಮೇಲಿನ ಕಟ್ಟದಿಂದ ನೀರು ಬಿಟ್ಟು, ನಡುವೆ ಎಲ್ಲೋ ಕಣಿ ಒಡೆದರೆ ಕೊನೆಯ ಸಾಲು ಒಣಗುತ್ತದೆ; ಹಾಗೆಯೇ ನಡುವಿನಲ್ಲಿ ಮುರಿದರೆ ಮೊಣಕೈ ಕಡೆಯ ತುಂಡಿಗೆ ರಕ್ತ ತಲುಪುವುದು ಕಷ್ಟ. ಬೆರಳಿನ ಕಡೆ ಮುರಿದರೆ ಸುಮಾರು ಆರು ವಾರದಲ್ಲಿ ಕೂಡಿಕೊಳ್ಳಬಹುದು, ನಡು ಮುರಿದರೆ ಎಂಟರಿಂದ ಹನ್ನೆರಡು ವಾರ, ಮೊಣಕೈ ಕಡೆಯ ತುದಿ ಮುರಿದರೆ ಇನ್ನೂ ಎಷ್ಟೋ ತಿಂಗಳು. ಕೆಲವು ಸಲ ಕೂಡುವುದೇ ಇಲ್ಲ.

ಎರಡನೆಯದು ಪಕ್ಕದ ಲೂನೇಟ್, ಅರ್ಧಚಂದ್ರಾಕಾರದ ಮೂಳೆ. ಇದು ಬೀಳದೆಯೂ ಕೆಡಬಹುದು. ರಕ್ತ ಸಾಲದೆ ಒಳಗೊಳಗೇ ಸತ್ತು ಕುಸಿಯುವ ಈ ಕಾಯಿಲೆಯನ್ನು ವಿಯೆನ್ನಾದ ಎಕ್ಸ್‌ರೇ ತಜ್ಞ ರಾಬರ್ಟ್ ಕೀನ್‌ಬೋಕ್ 1910ರಲ್ಲಿ ವಿವರಿಸಿದರು. ಅವರ ಹೆಸರೇ ಅದಕ್ಕೆ ನಿಂತಿದೆ. ಕೈಯಿಂದ ದುಡಿಯುವ ಗಂಡಸರಲ್ಲಿ ಹೆಚ್ಚು.

ಹೊಸ ಮುರಿತವಾದರೆ ಪ್ರಿಂಟರ್ ಮಾತೇ ಬೇಡ

ಬಿದ್ದು ಎರಡು ಮೂರು ವಾರದೊಳಗೆ ಗೊತ್ತಾಗಿದ್ದರೆ ಆಯ್ಕೆ ಎರಡೇ: ಪ್ಲಾಸ್ಟರ್ ಅಥವಾ ಸ್ಕ್ರೂ. ಸ್ಕ್ರೂ ಎಂದರೆ ತಲೆಯಿಲ್ಲದ, ಮೂಳೆಯೊಳಗೆ ಪೂರ್ತಿ ಮುಳುಗುವ ಸಣ್ಣ ತಿರುಪು. ಆಸ್ಟ್ರೇಲಿಯಾದ ತಿಮೋತಿ ಹರ್ಬರ್ಟ್ ರೂಪಿಸಿದ ಇದರ ಎರಡು ತುದಿಗಳಲ್ಲಿ ತಿರುಪಿನ ಸುತ್ತುಗಳ ಅಂತರ ಬೇರೆ ಬೇರೆ. ಆದ್ದರಿಂದ ತಿರುಗಿಸಿದ ಹಾಗೆ ಎರಡು ತುಂಡುಗಳೂ ಒಂದರ ಕಡೆಗೊಂದು ಬಿಗಿಯುತ್ತವೆ. ಇಷ್ಟು ಸರಳ ಉಪಾಯಕ್ಕೆ ನಾನು ಇಂದಿಗೂ ಬೆರಗಾಗುತ್ತೇನೆ.

ಯಾವುದು ಮೇಲು? ಬ್ರಿಟನ್ನಿನಲ್ಲಿ 439 ವಯಸ್ಕರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಸ್ವಿಫ್ಟ್’ ಎಂಬ ಅಧ್ಯಯನ ಇದನ್ನೇ ಕೇಳಿತ್ತು. ನಡುಭಾಗ ಮುರಿದು, ತುಂಡುಗಳು ಎರಡು ಮಿಲಿಮೀಟರಿಗಿಂತ ಹೆಚ್ಚು ಸರಿಯದಿದ್ದವರನ್ನು ಎರಡು ಗುಂಪು ಮಾಡಿದರು. ಒಂದು ವರ್ಷದ ಕೊನೆಗೆ ಮಣಿಗಂಟಿನ ನೋವು, ಕೆಲಸ ಎರಡರಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅವರ ಸಲಹೆ: ಮೊದಲು ಪ್ಲಾಸ್ಟರ್ ಹಾಕಿ, ಕೂಡಿಲ್ಲ ಎಂದು ಖಾತ್ರಿಯಾದರೆ ತಡಮಾಡದೆ ಸ್ಕ್ರೂ ಹಾಕಿ. ತುಂಡು ಹೆಚ್ಚು ಸರಿದಿದ್ದರೆ, ಅಥವಾ ಮುರಿದದ್ದು ಮೊಣಕೈ ಕಡೆಯ ತುದಿಯಾದರೆ ಸಾಮಾನ್ಯವಾಗಿ ಮೊದಲೇ ಸ್ಕ್ರೂ.

ನಮ್ಮ ಕಡೆಯ ಒಂದು ಸಂಗತಿ ಆ ಅಧ್ಯಯನದಲ್ಲಿಲ್ಲ: ಜುಲೈ ತಿಂಗಳಿನ ಪ್ಲಾಸ್ಟರ್. ಒಳಗಿನ ಹತ್ತಿ ಒಮ್ಮೆ ಒದ್ದೆಯಾದರೆ ಒಣಗುವುದಿಲ್ಲ, ಚರ್ಮ ಬೆಂದು ನಾರುತ್ತದೆ, ತುರಿಕೆ ತಾಳದೆ ಕೊಡೆಯ ಕಡ್ಡಿ ಹಾಕಿ ಕೆರೆದು ಗಾಯ ಮಾಡಿಕೊಂಡವರನ್ನು ನೋಡಿದ್ದೇನೆ. ಮಳೆಯಲ್ಲೇ ಕೆಲಸ ಮಾಡಬೇಕಾದವರು ಇದನ್ನು ಡಾಕ್ಟರರಿಗೆ ಬಾಯಿಬಿಟ್ಟು ಹೇಳಬೇಕು. ಸ್ಕ್ರೂವಿನ ಕಡೆಗೆ ತಕ್ಕಡಿ ವಾಲಲು ಅದೂ ಒಂದು ನ್ಯಾಯವಾದ ಕಾರಣ.

ಕೂಡದ ಮೂಳೆ: ಇಲ್ಲಿ ನಕಲು ಕೆಲಸಕ್ಕೆ ಬರುತ್ತದೆ

ಆರು ತಿಂಗಳು, ವರ್ಷ, ಕೆಲವು ಸಲ ಐದು ವರ್ಷ ಕಳೆದಿದೆ. ತುಂಡುಗಳು ಕೂಡಿಲ್ಲ, ಸಂದಿನ ಎರಡು ಅಂಚುಗಳೂ ಗಟ್ಟಿಯಾಗಿ ಎರಡು ಪುಟ್ಟ ಮೂಳೆಗಳಂತೆ ಆಗಿವೆ. ಮಲ್ಪೆಯ ಆ ಅಣ್ಣನದ್ದು ಹೀಗೆಯೇ. ಬಲೆ ಎಳೆಯುವಾಗ ನೋವು, ಐಸಿನ ಬುಟ್ಟಿ ಎತ್ತುವಾಗ ನೋವು. ಉಳುಕು ಎಂದುಕೊಂಡು ಎರಡು ಸೀಸನ್ ದುಡಿದಿದ್ದರು.

ಇಲ್ಲಿ ಮೊದಲು ಕೇಳಬೇಕಾದದ್ದು ‘ಹೊಸ ಮೂಳೆ ಸಿಗುತ್ತದೆಯೇ’ ಎಂದಲ್ಲ, ‘ನನ್ನ ಮೂಳೆ ಇನ್ನೂ ಬದುಕಿದೆಯೇ’ ಎಂದು. ಅದನ್ನು ಅಂದಾಜು ಮಾಡಲು ಎಂ.ಆರ್.ಐ. ಬೇಕು, ಕೊನೆಗೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮೂಳೆಯಿಂದ ರಕ್ತ ಜಿನುಗುತ್ತದೆಯೇ ಎಂದು ಕಣ್ಣಲ್ಲೇ ನೋಡುತ್ತಾರೆ. ಬದುಕಿದ್ದರೆ ಮೂಳೆ ಕಸಿ: ಸೊಂಟದ ಏಣಿನಿಂದಲೋ ಮುಂಗೈ ಮೂಳೆಯಿಂದಲೋ ಚೂರು ತೆಗೆದು ಸಂದಿನಲ್ಲಿ ತುಂಬಿ, ಸ್ಕ್ರೂ ಬಿಗಿಯುವುದು. ರಕ್ತ ತೀರಾ ಕಡಿಮೆಯಿದ್ದರೆ, ರಕ್ತನಾಳದ ಸಮೇತ ಮೂಳೆಯ ತುಂಡನ್ನು ಮುಂಗೈಯಿಂದ ತಿರುಗಿಸಿ ತರುತ್ತಾರೆ, ಅಥವಾ ಮಂಡಿಯ ಒಳಬದಿಯಿಂದ ತೆಗೆದು ಸೂಕ್ಷ್ಮದರ್ಶಕದಡಿಯಲ್ಲಿ ನಾಳಕ್ಕೆ ನಾಳ ಹೊಲಿಯುತ್ತಾರೆ.

ಕಸಿ ಎಂದಾಗ ಜನ ಹಿಂಜರಿಯುತ್ತಾರೆ. ಒಂದು ಕೈಗಾಗಿ ಸೊಂಟಕ್ಕೂ ಗಾಯವೇ ಎಂದು. ಆದರೆ ಇದು ಕೂಡಿಕೊಂಡರೆ ಮತ್ತೆ ನಿಮ್ಮದೇ ಮೂಳೆ, ಕೀಲಿನಲ್ಲಿ ಮೂಳೆಗೆ ಹೊದಿಸಿದ ನುಣುಪು ಪದರವಾದ ನಿಮ್ಮದೇ ಮೃದ್ವಸ್ಥಿ, ಮೂಳೆಗೆ ಮೂಳೆ ಬಿಗಿಯುವ ನಿಮ್ಮದೇ ಕಟ್ಟುಗಳು (ಲಿಗಮೆಂಟು). ಯಾವ ಟೈಟಾನಿಯಂ ತುಂಡಿಗೂ ಅದು ದಕ್ಕುವುದಿಲ್ಲ. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡುವುದು ನಿಧಾನ. ಇದನ್ನು ಉಪದೇಶವಾಗಿ ಹೇಳುತ್ತಿಲ್ಲ. ಕಸಿಯ ದಿನ ಗೊತ್ತಾದ ಮೇಲೂ ಸೇದುತ್ತಿದ್ದರೆ ಸೊಂಟದ ಗಾಯ ದಂಡವಾಗಬಹುದು ಎಂಬ ಲೆಕ್ಕಾಚಾರ ಅಷ್ಟೆ.

ಕೂಡದ ಸ್ಕೇಫಾಯ್ಡ್ ನಡುವಿನಲ್ಲಿ ಮಡಚಿಕೊಂಡು ಗೂನಾಗಿರುತ್ತದೆ. ಎಷ್ಟು ಗೂನು, ಎಷ್ಟು ಮೂಳೆ ತುಂಬಿದರೆ ನೇರವಾಗುತ್ತದೆ ಎಂಬುದು ಎಕ್ಸ್‌ರೇ ನೆರಳಿನಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ಎರಡೂ ಕೈಗಳ ಸಿ.ಟಿ. ತೆಗೆದು, ಚೆನ್ನಾಗಿರುವ ಕೈಯ ಮೂಳೆಯನ್ನು ಕಂಪ್ಯೂಟರಿನಲ್ಲಿ ಕನ್ನಡಿಯಂತೆ ತಿರುಗಿಸಿ, ಕೆಟ್ಟ ಮೂಳೆಯ ಮೇಲೆ ಇಟ್ಟು ನೋಡುತ್ತಾರೆ. ಎರಡನ್ನೂ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿಕೊಂಡರೆ ಶಸ್ತ್ರವೈದ್ಯರು ಹಿಂದಿನ ದಿನವೇ ಕೈಯಲ್ಲಿ ಹಿಡಿದು ಅಳೆಯಬಹುದು. ಜೊತೆಗೆ ಒಂದು ಮಾರ್ಗದರ್ಶಿ ಅಚ್ಚು: ಮೂಳೆಯ ಮೇಲೆ ಒಂದೇ ರೀತಿಯಲ್ಲಿ ಕೂರುವ, ತೂತುಗಳಿರುವ ಸಣ್ಣ ಕವಚ. ಸ್ಕ್ರೂವಿಗೆ ಮುಂಚೆ ಹೋಗುವ ತಂತಿ ಆ ತೂತಿನ ಮೂಲಕ ಯೋಜನೆ ಹಾಕಿದ ಕೋನದಲ್ಲೇ ಹೋಗುತ್ತದೆ. ಕೆಲಸ ಮುಗಿದ ಮೇಲೆ ಕವಚ ಕಸಕ್ಕೆ, ನಕಲು ನನ್ನ ಡ್ರಾಯರಿಗೆ. ಮೈಯೊಳಗೆ ಉಳಿದದ್ದು ಸಾಮಾನ್ಯ ಸ್ಕ್ರೂ ಮಾತ್ರ.

ಮುಂಗೈ ಮೂಳೆ ಡೊಂಕಾಗಿ ಕೂಡಿದ್ದರೆ

ಇದು ಸಣ್ಣ ಮೂಳೆಯ ಕಥೆಯಲ್ಲ, ಆದರೂ ಹೇಳದೆ ಹೋಗಲಾರೆ. ಮಣಿಗಂಟಿನ ಪೆಟ್ಟುಗಳಲ್ಲಿ ಬಲು ಸಾಮಾನ್ಯವಾದದ್ದು ಮುಂಗೈಯಲ್ಲಿ ಹೆಬ್ಬೆರಳಿನ ಕಡೆಯ ರೇಡಿಯಸ್ ಮೂಳೆಯ ತುದಿ ಮುರಿಯುವುದು. ಡಬ್ಲಿನ್ನಿನ ಅಬ್ರಹಾಂ ಕಾಲಿಸ್ ಎಕ್ಸ್‌ರೇ ಹುಟ್ಟುವ ಎಷ್ಟೋ ಮೊದಲು, 1814ರಲ್ಲಿ, ಕೈಯನ್ನು ಕಣ್ಣಲ್ಲೇ ನೋಡಿ ಬರೆದದ್ದು. ಬಚ್ಚಲಲ್ಲಿ ಜಾರುವ ಅಜ್ಜಿಯಂದಿರಿಗೆ ಆಗುವುದು ಇದೇ. ಅದು ಡೊಂಕಾಗಿ ಕೂಡಿ ಕೈ ತಿರುಗದೆ ನೋಯುತ್ತಿದ್ದರೆ ಮೂಳೆಯನ್ನು ಮತ್ತೆ ಕತ್ತರಿಸಿ ನೇರ ಮಾಡಬೇಕಾಗುತ್ತದೆ. ಎಲ್ಲಿ, ಎಷ್ಟು ಓರೆಯಾಗಿ ಕತ್ತರಿಸಬೇಕು ಎಂದು ತೋರಿಸುವ ಪ್ರಿಂಟ್ ಅಚ್ಚು ಇಲ್ಲಿ ಬಲು ಉಪಯೋಗಿ. ಆದರೆ ಕತ್ತರಿಸಿದ ಮೂಳೆಯನ್ನು ಹಿಡಿದಿಡುವ ಲೋಹದ ಪ್ಲೇಟನ್ನೂ ನಿಮಗೆಂದೇ ಪ್ರಿಂಟ್ ಮಾಡಿಸಬೇಕೇ? ಡೊಂಕು ಮೂರು ದಿಕ್ಕಿನಲ್ಲಿದ್ದರೆ ಯೋಚಿಸಬಹುದು. ಉಳಿದವರಿಗೆ ಅಚ್ಚು ಮಾತ್ರ ಪ್ರಿಂಟ್ ಆದದ್ದು, ಪ್ಲೇಟು ಕಪಾಟಿನಲ್ಲಿ ಸಿದ್ಧವಿರುವುದೇ ಸಾಕು.

ಈಗ ಟೈಟಾನಿಯಂ ಮೂಳೆ

ಮೂಳೆ ಸತ್ತು ಪುಡಿಯಾಗಿದೆ, ಕಸಿ ಒಮ್ಮೆ ಸೋತಿದೆ, ಆದರೆ ಸುತ್ತಲಿನ ಕೀಲುಗಳ ಮೃದ್ವಸ್ಥಿ ಇನ್ನೂ ಚೆನ್ನಾಗಿದೆ. ಪ್ರಿಂಟ್ ಮಾಡಿದ ಮೂಳೆಯ ಮಾತು ಬರಬೇಕಾದದ್ದು ಈ ಇಕ್ಕಟ್ಟಾದ ಜಾಗದಲ್ಲಿ. ಸುತ್ತಲೂ ಸವೆದು ಹೋಗಿದ್ದರೆ ಹೊಸ ಮೂಳೆ ಹಾಕಿ ಪ್ರಯೋಜನ ಕಡಿಮೆ. ಗುಂಡಿ ಬಿದ್ದ ರಸ್ತೆಗೆ ಹೊಸ ಚಕ್ರ ಹಾಕಿದ ಹಾಗೆ.

ತಯಾರಿಸುವ ಕ್ರಮ ಹೀಗೆ. ಒಂದು ಮಿಲಿಮೀಟರಿಗಿಂತ ತೆಳುವಾದ ಪದರಗಳಲ್ಲಿ ಎರಡೂ ಕೈಗಳ ಸಿ.ಟಿ. ತೆಗೆಯುತ್ತಾರೆ. ಚೆನ್ನಾಗಿರುವ ಕೈಯ ಕನ್ನಡಿ ರೂಪದಿಂದ ಎಂಜಿನಿಯರ್ ಮೂಳೆಯ ಆಕಾರ ತೆಗೆದು, ಕಟ್ಟುಗಳನ್ನು ಪೋಣಿಸಲು ಸುರಂಗಗಳನ್ನು ಬಿಡಿಸಿ, ಶಸ್ತ್ರವೈದ್ಯರಿಗೆ ತೋರಿಸುತ್ತಾರೆ. ಒಪ್ಪಿದ ಮೇಲೆ ಟೈಟಾನಿಯಂ ಮಿಶ್ರಲೋಹದ ಪುಡಿಯನ್ನು ಕೂದಲೆಳೆಗಿಂತ ತೆಳುವಾಗಿ ಹರಡಿ, ಲೇಸರ್ ಅಥವಾ ಎಲೆಕ್ಟ್ರಾನ್ ಕಿರಣದಿಂದ ಪದರ ಪದರವಾಗಿ ಕರಗಿಸಿ ಕೂಡಿಸುತ್ತಾರೆ. ಯಂತ್ರದಿಂದ ಬರುವಾಗ ಅದು ಮರಳು ಕಾಗದದಷ್ಟು ಒರಟು. ಮೂಳೆ ಅಂಟಿ ಬೆಳೆಯಬೇಕಾದ ಕಡೆ ಆ ಒರಟುತನ, ಜಾಲರಿಯಂಥ ರಂಧ್ರಗಳು ಬೇಕು. ಮೃದ್ವಸ್ಥಿಗೆ ತಾಗುವ ಕಡೆ ಕನ್ನಡಿಯಂಥ ನುಣುಪು ಬೇಕು. ವಿಡಿಯೊದಲ್ಲಿ ಈ ಉಜ್ಜುವ ಕೆಲಸವನ್ನು ತೋರಿಸುವುದಿಲ್ಲ, ಮುಖ್ಯವಾದದ್ದು ಮಾತ್ರ ಅದೇ.

ಲೋಹದ ಸ್ಕೇಫಾಯ್ಡ್ ಹೊಸ ಕಲ್ಪನೆಯೂ ಅಲ್ಲ. 1945ರಲ್ಲೇ ಅಮೆರಿಕದಲ್ಲಿ ವೈಟಾಲಿಯಂ ಎಂಬ ಮಿಶ್ರಲೋಹದಲ್ಲಿ ಮಾಡಿದ ನಕಲುಗಳನ್ನು ಹಾಕಿ ವರದಿ ಬರೆದಿದ್ದಾರೆ. ಆಮೇಲೆ ಆಲ್‌ಫ್ರೆಡ್ ಸ್ವಾನ್ಸನ್ ಅವರ ಸಿಲಿಕೋನ್ ಮೂಳೆಗಳು ಬಂದವು. ಮೊದಲ ಕೆಲವು ವರ್ಷ ಎಲ್ಲರೂ ಸಂತೋಷಪಟ್ಟರು. ಬಳಿಕ ಸಿಲಿಕೋನ್ ಸವೆದು, ಅದರ ಕಣಗಳಿಂದ ಕೀಲು ಉರಿದು, ಅಕ್ಕಪಕ್ಕದ ಮೂಳೆಗಳಲ್ಲಿ ತೂತುಗಳು ಬಿದ್ದವು. ಮಣಿಗಂಟಿನ ಸಣ್ಣ ಮೂಳೆಗಳಿಗೆ ಅದನ್ನು ಬಳಸುವುದೇ ನಿಂತಿತು. ಪೈರೋಕಾರ್ಬನ್ ಎಂಬ ಇಂಗಾಲದ ವಸ್ತುವಿನದ್ದು ಇನ್ನೂ ಬಳಕೆಯಲ್ಲಿದೆ. ಅದರ ಬಿಗಿತನ ಮೂಳೆಗೆ ಹತ್ತಿರ, ಆದ್ದರಿಂದ ಮೃದ್ವಸ್ಥಿಗೆ ಅಷ್ಟು ಕಠಿಣವಲ್ಲ. ಟೈಟಾನಿಯಂ ಮಿಶ್ರಲೋಹ ಹೊರಪದರದ ಮೂಳೆಗಿಂತ ಹಲವು ಪಟ್ಟು ಬಿಗಿ. ಮೃದ್ವಸ್ಥಿಯ ಮೇಲೆ ಲೋಹ ವರ್ಷಗಟ್ಟಲೆ ಉಜ್ಜಿದರೆ ಸವೆಯುವುದು ಲೋಹವಲ್ಲ.

ಆಕಾರ ಹೊಂದುವುದೊಂದೇ ಸಾಲದು ಎಂಬುದೂ ಆ ಹಳೆಯ ಮೂಳೆಗಳು ಕಲಿಸಿದ್ದು. ಸ್ಕೇಫಾಯ್ಡ್ ಎರಡು ಸಾಲಿನ ಮೂಳೆಗಳ ನಡುವಿನ ಸಂಕ. ಕೈ ಬಗ್ಗಿಸಿದಾಗ ತಾನೂ ಬಗ್ಗುತ್ತದೆ, ಓರೆ ಮಾಡಿದಾಗ ತಾನೂ ಹೊರಳುತ್ತದೆ, ಲೂನೇಟನ್ನು ಜೊತೆಗೆ ಎಳೆದೊಯ್ಯುತ್ತದೆ. ಈ ಚಲನೆಯನ್ನು ಹಿಡಿದಿಡುವುದು ಲಿಗಮೆಂಟುಗಳು. ಅವು ಮೂಳೆಯಿಂದ ಬೆಳೆದು ಬಂದವು. ಲೋಹಕ್ಕೆ ಅವು ಹುಟ್ಟುವುದಿಲ್ಲ. ಆದ್ದರಿಂದ ಮುಂಗೈಯ ಒಂದು ಸ್ನಾಯುರಜ್ಜುವಿನ ಎಳೆಯನ್ನೋ ಗಟ್ಟಿ ದಾರವನ್ನೋ ಆ ಸುರಂಗಗಳಲ್ಲಿ ಪೋಣಿಸಿ ಪಕ್ಕದ ಮೂಳೆಗಳಿಗೆ ಕಟ್ಟುತ್ತಾರೆ. ಹಳೆಯ ಸಿದ್ಧ ಗಾತ್ರದ ಮೂಳೆಗಳು ಜಾರಿ ಹೊರಬರುತ್ತಿದ್ದವು. ಅಳತೆಗೆ ಪ್ರಿಂಟ್ ಮಾಡಿದ್ದು ಹೊಂದುವುದು ಚೆನ್ನಾಗಿ, ನಿಜ. ಕಟ್ಟು ಸಡಿಲವಾದರೆ ಅಳತೆಯೂ ಕಾಪಾಡುವುದಿಲ್ಲ. ಪ್ರಿಂಟರ್ ಎಷ್ಟು ಒಳ್ಳೆಯದು ಎಂದು ಕೇಳುವವರು ನೂರು ಜನ, ಕಟ್ಟು ಹೇಗೆ ಹಾಕುತ್ತೀರಿ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಇದರ ಪರವಾಗಿ ಈವರೆಗೆ ಪ್ರಕಟವಾಗಿರುವುದು ಬಹುಪಾಲು ಸಣ್ಣ ಗುಂಪುಗಳ, ಕೆಲವೇ ವರ್ಷಗಳ ಅನುಭವ. ನೋವು ಕಡಿಮೆಯಾಗಿದೆ, ಹಿಡಿತ ಸುಧಾರಿಸಿದೆ ಎಂಬ ಉತ್ಸಾಹದ ವರದಿಗಳಿವೆ. ಸಿಲಿಕೋನ್‌ಗೂ ಮೊದಲ ವರ್ಷಗಳಲ್ಲಿ ಅಂಥವೇ ಇದ್ದವು. ಪಾದದ ಗಂಟಿನಲ್ಲಿ ಇದೇ ಸ್ವಭಾವದ ಮೂಳೆಯೊಂದಿದೆ, ಟೇಲಸ್. ಅದಕ್ಕೂ ರಕ್ತದ ಕೊರತೆ ಬೇಗ. ರೋಗಿಯ ಅಳತೆಗೆ ಪ್ರಿಂಟ್ ಮಾಡಿದ ಟೇಲಸ್‌ಗೆ ಅಮೆರಿಕದ ಔಷಧ, ಸಾಧನಗಳ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2021ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಅದೂ ಅಪರೂಪದ ಕಾಯಿಲೆಗಳಿಗೆಂದು ಇರುವ ವಿಶೇಷ ವಿನಾಯಿತಿಯ ಅಡಿಯಲ್ಲಿ. ಮಣಿಗಂಟಿನ ವಿಷಯದಲ್ಲಿ ಯಾರಾದರೂ ‘ಇದು ಈಗ ಎಲ್ಲ ಕಡೆ ಮಾಮೂಲು’ ಎಂದರೆ ಆ ಮಾತನ್ನು ಪೂರ್ತಿ ನಂಬಬೇಡಿ.

ಎದುರಾಳಿ: ಮೂಳೆ ತೆಗೆಯುವುದು, ಬೆಸೆಯುವುದು

ಟೈಟಾನಿಯಂ ಮೂಳೆಯನ್ನು ಹೋಲಿಸಬೇಕಾದದ್ದು ಸ್ಕ್ರೂವಿನ ಜೊತೆಗಲ್ಲ, ಈ ಹಳೆಯ ಶಸ್ತ್ರಚಿಕಿತ್ಸೆಗಳ ಜೊತೆಗೆ. ಒಂದು, ಮೊದಲ ಸಾಲಿನ ಮೂರು ಮೂಳೆಗಳನ್ನು ಪೂರ್ತಿ ತೆಗೆದುಬಿಡುವುದು. ಎರಡನೇ ಸಾಲಿನ ಕ್ಯಾಪಿಟೇಟ್ ಇಳಿದು ರೇಡಿಯಸ್‌ನ ಗುಳಿಯಲ್ಲಿ ಕೂರುತ್ತದೆ. ಇನ್ನೊಂದು, ಸ್ಕೇಫಾಯ್ಡ್ ತೆಗೆದು ಪಕ್ಕದ ನಾಲ್ಕು ಮೂಳೆಗಳನ್ನು ಬೆಸೆಯುವುದು. ಎರಡರಲ್ಲೂ ಚಲನೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹಿಡಿತದ ಬಲ ಮುಕ್ಕಾಲು ಪಾಲು ಉಳಿಯಬಹುದು, ನೋವು ಬಹಳಷ್ಟು ಹೋಗುತ್ತದೆ. ಎಲ್ಲವೂ ಸವೆದಿದ್ದರೆ ಇಡೀ ಮಣಿಗಂಟನ್ನೇ ಬೆಸೆಯುವುದು: ಬಗ್ಗುವುದಿಲ್ಲ, ಆದರೆ ಗಟ್ಟಿ. ಇವುಗಳ ಜೊತೆಗೋ ಮೊದಲೋ ನೋವು ಒಯ್ಯುವ ನರದ ಎಳೆಗಳನ್ನು ಕತ್ತರಿಸುವ ಚಿಕ್ಕ ಶಸ್ತ್ರಚಿಕಿತ್ಸೆಯೂ ಇದೆ. ಇವಕ್ಕೆಲ್ಲ ದಶಕಗಳ ಲೆಕ್ಕ ಇದೆ. ಎಷ್ಟು ಕಳೆದುಕೊಳ್ಳುತ್ತೀರಿ ಎಂದು ಮೊದಲೇ ಹೇಳಬಲ್ಲರು.

ಯಾವುದು ಯಾರಿಗೆ ಎಂಬುದು ಎಕ್ಸ್‌ರೇಯಲ್ಲಿ ಅರ್ಧ, ಕೆಲಸದಲ್ಲಿ ಅರ್ಧ. ಯಕ್ಷಗಾನದ ಚೆಂಡೆಯವರ ಕೈಯನ್ನು ನೋಡಿ. ಕೋಲು ಏಳುವಾಗ ಮಣಿಗಂಟು ಹಿಂದಕ್ಕೆ ಬಾಗಿ ಹೆಬ್ಬೆರಳಿನ ಕಡೆ ವಾಲುತ್ತದೆ, ಬೀಳುವಾಗ ಮುಂದಕ್ಕೆ ಬಾಗಿ ಕಿರುಬೆರಳಿನ ಕಡೆ ಇಳಿಯುತ್ತದೆ. ಬಡಗಿಯ ಸುತ್ತಿಗೆಯೂ ಹೀಗೆಯೇ, ಕತ್ತಿಯಲ್ಲಿ ಸೊಪ್ಪು ಕಡಿಯುವುದೂ ಹೀಗೆಯೇ. ಈ ಓರೆ ಚಲನೆ ನಡೆಯುವುದು ಬಹುಪಾಲು ಮೂಳೆಗಳ ಎರಡು ಸಾಲುಗಳ ನಡುವಿನ ಕೀಲಿನಲ್ಲಿ. ನಾಲ್ಕು ಮೂಳೆ ಬೆಸೆದರೆ ಆ ಕೀಲೇ ಇಲ್ಲ. ಮೊದಲ ಸಾಲು ತೆಗೆದರೂ ಇಲ್ಲ. ಪ್ರಿಂಟ್ ಮಾಡಿದ ಸ್ಕೇಫಾಯ್ಡ್ ಪರವಾಗಿ ಇರುವ ಅತ್ಯಂತ ಬಲವಾದ ವಾದ ಇದು: ಗೆದ್ದರೆ ಎರಡು ಸಾಲುಗಳೂ ಉಳಿಯುತ್ತವೆ. ಇಪ್ಪತ್ತೆಂಟು ವರ್ಷದ ಚೆಂಡೆಗಾರನೊಬ್ಬ ಬಂದು, ಮೃದ್ವಸ್ಥಿ ಚೆನ್ನಾಗಿದೆ, ಕಸಿ ಸೋತಿದೆ ಎಂದರೆ, ತಜ್ಞರ ಹತ್ತಿರ ಇದರ ಬಗ್ಗೆ ಖಂಡಿತ ಕೇಳು ಎನ್ನುತ್ತೇನೆ.

ಬೋಟಿನಲ್ಲಿ ಹಗ್ಗ ಎಳೆಯುವವರಿಗೆ, ಕಂಬಳದ ಕೋಣ ಹಿಡಿದು ಓಡುವವರಿಗೆ, ಗೋಣಿ ಹೊರುವವರಿಗೆ ಹಾಗೆ ಹೇಳುವ ಧೈರ್ಯ ನನಗಿಲ್ಲ. ಜೋರು ಎಳೆತ ಕಟ್ಟನ್ನು ಸಡಿಲಿಸುತ್ತದೆ. ಅವರಿಗೆ ಬಗ್ಗುವುದಕ್ಕಿಂತ ಬಲ ಮುಖ್ಯ. ಬೆಸೆದ ಕೈ ದುಡಿಯುತ್ತದೆ. ಬೀಡಿ ಕಟ್ಟುವ ಅಕ್ಕಂದಿರದ್ದು ಬೇರೆಯೇ ಲೆಕ್ಕ: ಭಾರವಿಲ್ಲ, ಆದರೆ ಎಲೆ ಸುತ್ತುವ ಸಣ್ಣ ತಿರುವು ದಿನಕ್ಕೆ ನೂರಾರು ಸಲ. ಅವರಲ್ಲಿ ಮೊದಲ ಸಾಲು ತೆಗೆಸಿಕೊಂಡ ಒಬ್ಬರು ನಾಲ್ಕು ತಿಂಗಳಲ್ಲಿ ಮೊರದ ಮುಂದೆ ಕೂತರು. ವಯಸ್ಸು ಐವತ್ತೈದು. ಇಪ್ಪತ್ತೈದರವರಿಗೆ ಆ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ, ಉಳಿದ ಕೀಲು ಮುಂದೆ ಸವೆಯಬಹುದೆಂಬ ಕಾರಣಕ್ಕೆ.

ಲೂನೇಟ್ ಕೆಟ್ಟಿದ್ದರೆ ಒಂದು ತಿದ್ದುಪಡಿ. ಮೂಳೆ ಇನ್ನೂ ಕುಸಿಯದಿದ್ದು, ಮುಂಗೈಯ ಎರಡು ಮೂಳೆಗಳಲ್ಲಿ ಅಲ್ನಾ ಗಿಡ್ಡವಾಗಿದ್ದರೆ, ರೇಡಿಯಸನ್ನು ಕೆಲವೇ ಮಿಲಿಮೀಟರ್ ಮೊಟಕು ಮಾಡಿ ಲೂನೇಟ್ ಮೇಲಿನ ಒತ್ತಡ ಇಳಿಸುತ್ತಾರೆ. ಕೆಟ್ಟ ಮೂಳೆಯನ್ನು ಮುಟ್ಟುವುದೇ ಇಲ್ಲ. ಪ್ರಿಂಟ್ ಲೂನೇಟ್ ಬಗ್ಗೆ ಕೇಳುವ ಮುಂಚೆ ಇದನ್ನು ಕೇಳಿ.

ಕೇಳಬೇಕಾದ ಪ್ರಶ್ನೆಗಳು, ಇಟ್ಟುಕೊಳ್ಳಬೇಕಾದ ಕಾಗದಗಳು

ನಮ್ಮ ಭಾಗ್ಯಕ್ಕೆ ಇಲ್ಲಿ ಎರಡನೇ ಅಭಿಪ್ರಾಯ ಒಂದು ಬಸ್ಸಿನ ದೂರದಲ್ಲಿದೆ. ಮಣಿಪಾಲದಿಂದ ಮಂಗಳೂರಿನ ಕಂಕನಾಡಿ, ದೇರಳಕಟ್ಟೆಯವರೆಗೆ ಮೆಡಿಕಲ್ ಕಾಲೇಜುಗಳೇ ಸಾಲಾಗಿವೆ, ಹಂಪನಕಟ್ಟೆಯಲ್ಲಿ ಸರಕಾರಿ ವೆನ್ಲಾಕ್ ಇದೆ. ಹೋಗುವಾಗ ಎಕ್ಸ್‌ರೇ ಫಿಲ್ಮಿನ ಮೊಬೈಲ್ ಫೋಟೊ ಸಾಲದು, ಸಿ.ಟಿ.ಯ ಪೂರ್ತಿ ಸಿ.ಡಿ. ಕೇಳಿ ಪಡೆಯಿರಿ. ಮೂಳೆ ತಜ್ಞರಲ್ಲೂ ಕೈಯನ್ನೇ ಮಾಡುವವರು ಬೇರೆ ಇರುತ್ತಾರೆ, ಅವರನ್ನೇ ಹುಡುಕಿ.

ಪ್ರಿಂಟ್ ಮೂಳೆಯ ಮಾತು ಬಂದರೆ ನಾಚದೆ ಕೇಳಿ: ನೀವು ಇಂಥದ್ದು ಎಷ್ಟು ಮಾಡಿದ್ದೀರಿ? ಕಟ್ಟು ಯಾವುದರಿಂದ ಹಾಕುತ್ತೀರಿ? ಶಸ್ತ್ರಚಿಕಿತ್ಸೆ ಹೊತ್ತಿಗೆ ಗಾತ್ರ ಸರಿಹೊಂದದಿದ್ದರೆ ಒಂದು ಅಳತೆ ಚಿಕ್ಕದು, ದೊಡ್ಡದು ಸಿದ್ಧವಿರುತ್ತದೆಯೇ? ತಯಾರಾಗಲು ವಾರಗಳು ಬೇಕು, ಅಷ್ಟರಲ್ಲಿ ನನ್ನ ಮೃದ್ವಸ್ಥಿ ಕೆಡುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಇದು ಸೋತರೆ ಮುಂದೇನು? ಸೋತ ಮೇಲೂ ಮೊದಲ ಸಾಲು ತೆಗೆಯುವ, ಬೆಸೆಯುವ ದಾರಿ ತೆರೆದಿರುತ್ತದೆ ಎಂದು ಅವರು ಎಕ್ಸ್‌ರೇ ಹಿಡಿದು ತೋರಿಸಬೇಕು. ತೋರಿಸಲಾಗದಿದ್ದರೆ ಎದ್ದು ಬನ್ನಿ.

2017ರ ವೈದ್ಯಕೀಯ ಸಾಧನಗಳ ನಿಯಮಗಳಲ್ಲಿ, ಒಬ್ಬ ರೋಗಿಗೆಂದೇ ಮಾಡುವ ಸಾಧನ ಎಂದರೆ ತಜ್ಞ ವೈದ್ಯರ ಲಿಖಿತ ಸೂಚನೆಯ ಮೇಲೆ, ಅವರ ಹೊಣೆಯಲ್ಲಿ, ಆ ರೋಗಿಗೆ ಮಾತ್ರ ಮಾಡಿದ್ದು ಎಂದಿದೆ. ಆ ಲಿಖಿತ ಸೂಚನೆಯ ಪ್ರತಿ, ಲೋಹದ ವಿವರ, ಇಂಪ್ಲಾಂಟ್ ಸ್ಟಿಕ್ಕರ್ ಮೂರನ್ನೂ ಫೈಲಿನಲ್ಲಿ ಇಡಿ. ಹತ್ತು ವರ್ಷದ ಮೇಲೆ ಎಂ.ಆರ್.ಐ. ಮಾಡುವವರು ಒಳಗಿರುವುದು ಏನು ಎಂದು ಕೇಳುತ್ತಾರೆ. ಟೈಟಾನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಚಿತ್ರದಲ್ಲಿ ಅಕ್ಕಪಕ್ಕ ಮಸುಕಾಗುತ್ತದೆ. ಖರ್ಚಿನ ಮಾತು: ವಿಮೆ ಇದ್ದರೆ ಇಂಪ್ಲಾಂಟನ್ನು ಒಪ್ಪುತ್ತಾರೆಯೇ ಎಂಬುದನ್ನು ಮುಂಚಿತವಾಗಿ ಬರಹದಲ್ಲಿ ಪಡೆಯಿರಿ, ಆಯುಷ್ಮಾನ್ ಕಾರ್ಡಿನವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ದಿನ ಗೊತ್ತು ಮಾಡುವ ಮೊದಲೇ ಕಾಣಿ. ಸ್ಕ್ರೂ, ಕಸಿಯ ದಾರಿ ಇಲ್ಲಿ ಎಷ್ಟೋ ಹಗುರ.

ಮಲ್ಪೆಯ ಅಣ್ಣ ಅವೆಲ್ಲವನ್ನೂ ಕೇಳಿಕೊಂಡು ಕಸಿಯನ್ನೇ ಆರಿಸಿಕೊಂಡರು. ಜೂನ್ ಒಂದಕ್ಕೆ ಯಾಂತ್ರಿಕ ಬೋಟುಗಳು ದಡ ಸೇರಿ ಎರಡು ತಿಂಗಳ ರಜೆ ಶುರುವಾಗುತ್ತದಲ್ಲ, ಆ ವಾರವೇ ಮೇಜಿನ ಮೇಲೆ ಮಲಗಿದರು. ಆಗಸ್ಟಿಗೆ ಬೋಟು ಹತ್ತುವ ಅವಸರ ಅವರದ್ದು, ಸಿ.ಟಿ.ಯಲ್ಲಿ ಮೂಳೆ ಕೂಡಿದ್ದು ಕಾಣದೆ ಬಿಡೆ ಎಂಬ ಹಟ ನನ್ನದು. ಕೊನೆಗೆ ಹತ್ತಿದ್ದು ನವರಾತ್ರಿ ಕಳೆದ ಮೇಲೆ. ಮೊನ್ನೆ ಬಂಗುಡೆ ಕೊಡಲು ಬಂದಿದ್ದರು. ಚೀಲವನ್ನು ಬಲಗೈಯಲ್ಲೇ ಹಿಡಿದಿದ್ದರು.